ಕಣ್ಣ ಮುಂದೆ ಏನನ್ನು ಇಟ್ಟರು? – ವಸ್ತುಗ್ರಹಿಕೆಯ ಸಿದ್ಧಾಂತಗಳನ್ನು ಕುರಿತು

ಮೊದಲು ಕೂತಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎಡಗೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಅಂಗೈ ನಿಮಗೆ ಕಾಣುವಂತೆ ಹಿಡಿಯಿರಿ. ಬಲಗೈಯನ್ನು ಅದರ ಅರ್ಧದಷ್ಟು ದೂರದಲ್ಲಿ, ತುಸು ಪಕ್ಕಕ್ಕೆ ಹಿಡಿಯಿರಿ. ಎರಡು ಕೈಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ ಕಾಣುತ್ತವೆ. ಈಗ ಒಂದು ಕಣ್ಣು ಮುಚ್ಚಿಕೊಂಡು, ಹತ್ತಿರದ ಕೈ ದೂರದ ಕೈಯ ಅಂಚನ್ನು ಸ್ವಲ್ಪ ಮರೆಮಾಡುವಂತೆ ಸರಿಸಿ. ಹತ್ತಿರದ ಕೈ ಥಟ್ಟನೆ ದೊಡ್ಡದಾಗಿಬಿಟ್ಟಿತು, ಅಲ್ಲವೇ? ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಬೀಳುವ ಬಿಂಬದ ಮಟ್ಟಿಗೆ ಹೇಳುವುದಾದರೆ ಅದು ಮೊದಲಿನಿಂದಲೂ ಎರಡು ಪಟ್ಟು ದೊಡ್ಡದಾಗಿಯೇ ಇತ್ತು. ಅಷ್ಟು ಹೊತ್ತು ನೀವು ನೋಡುತ್ತಿದ್ದದ್ದು ಬಿಂಬವನ್ನಲ್ಲ, ಕೈಗಳನ್ನು.

ವಸ್ತುಗ್ರಹಿಕೆಯ ಮನೋವಿಜ್ಞಾನ ಎದುರಿಸಿರುವ ಸಮಸ್ಯೆ ಇಷ್ಟರಲ್ಲೇ ಅಡಗಿದೆ. ಬಿಂಬ ಚಪ್ಪಟೆಯಾದದ್ದು, ತಲೆಕೆಳಗಾದದ್ದು, ಕಣ್ಣು ಹೊರಳಿದಾಗಲೆಲ್ಲ ಜಾಗ ಬದಲಿಸುವಂಥದ್ದು. ನಮ್ಮ ಕಣ್ಣುಗಳೋ ಸೆಕೆಂಡಿಗೆ ಮೂರು ನಾಲ್ಕು ಸಲ ಹೊರಳುತ್ತಲೇ ಇರುತ್ತವೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದೇ ಬಿಂಬವನ್ನು ಅಸಂಖ್ಯ ವಸ್ತುಗಳು ಮೂಡಿಸಬಲ್ಲವು. ಅಕ್ಷಿಪಟಲದ ಮೇಲಿನ ಒಂದು ಅಂಡಾಕಾರ, ಓರೆಯಾಗಿ ಹಿಡಿದ ದುಂಡು ತಟ್ಟೆಯದೂ ಆಗಿರಬಹುದು, ನೇರವಾಗಿ ಹಿಡಿದ ಅಂಡಾಕಾರದ ತಟ್ಟೆಯದೂ ಆಗಿರಬಹುದು, ಹತ್ತಿರದ ಚಿಕ್ಕದೂ ಆಗಿರಬಹುದು, ದೂರದ ದೊಡ್ಡದೂ ಆಗಿರಬಹುದು. ವಸ್ತುವಿನಿಂದ ಬಿಂಬಕ್ಕೆ ಹೋಗುವ ದಾರಿ ಒಂದೇ. ಬಿಂಬದಿಂದ ವಸ್ತುವಿಗೆ ಮರಳುವ ದಾರಿಗಳಿಗೆ ಕೊನೆಯಿಲ್ಲ. ಹಾಗಿದ್ದೂ ನಾವು ಕ್ಷಣಮಾತ್ರದಲ್ಲಿ, ಬಹುಪಾಲು ತಪ್ಪಿಲ್ಲದೆ, ತಟ್ಟೆಯನ್ನು ತಟ್ಟೆಯೆಂದೇ ಕಾಣುತ್ತೇವೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಕಳೆದ ನೂರೈವತ್ತು ವರ್ಷಗಳಲ್ಲಿ ಹಲವು ಉತ್ತರಗಳು ಬಂದಿವೆ. ಪಠ್ಯಪುಸ್ತಕಗಳು ಅವುಗಳನ್ನು ಒಂದನ್ನೊಂದು ಸೋಲಿಸಲು ನಿಂತ ಪಕ್ಷಗಳಂತೆ ನಿರೂಪಿಸುತ್ತವೆ. ನನಗೆ ಆ ನಿರೂಪಣೆ ಒಪ್ಪಿಗೆಯಿಲ್ಲ. ಯಾವುದೇ ಗ್ರಹಿಕೆಯ ಸಿದ್ಧಾಂತವನ್ನು ತಿಳಿಯಲು ಹೊರಟಾಗ, ಅದನ್ನು ಕಟ್ಟಿದವರು ನೋಡುಗನ ಕಣ್ಣ ಮುಂದೆ ಏನನ್ನು ಇಟ್ಟರು, ಎಷ್ಟು ಹೊತ್ತು ತೋರಿಸಿದರು, ಅವನನ್ನು ಕದಲಲು ಬಿಟ್ಟರೇ, ಕೊನೆಗೆ ಅವನಿಂದ ಯಾವ ಉತ್ತರ ಬೇಡಿದರು ಎಂದು ವಿಚಾರಿಸಬೇಕು ಎಂಬುದು ನನ್ನ ನಿಲುವು. ಅಷ್ಟನ್ನು ವಿಚಾರಿಸಿದರೆ ಸಿದ್ಧಾಂತದ ಬಲವೂ ಅದರ ಎಲ್ಲೆಯೂ ಬಹುಮಟ್ಟಿಗೆ ತಾವಾಗಿಯೇ ಗೋಚರಿಸುತ್ತವೆ.

ಹಳೆಯ ಉತ್ತರದಿಂದಲೇ ಶುರುಮಾಡೋಣ. ಹನ್ನೊಂದನೆಯ ಶತಮಾನದಲ್ಲಿ ಕೈರೋದಲ್ಲಿದ್ದ ವಿದ್ವಾಂಸ ಇಬ್ನ್ ಅಲ್-ಹೈಥಮ್, ನಾವು ಕಾಣುವ ಅನೇಕ ಸಂಗತಿಗಳು ಕೇವಲ ಸಂವೇದನೆಯಿಂದ ದೊರೆಯುವುದಿಲ್ಲ, ಬುದ್ಧಿ ಬಲು ವೇಗವಾಗಿ ಮಾಡುವ ನಿರ್ಣಯಗಳಿಂದ ದೊರೆಯುತ್ತವೆ, ಆ ವೇಗದಿಂದಾಗಿಯೇ ನಿರ್ಣಯ ನಡೆದದ್ದು ನಮ್ಮ ಅರಿವಿಗೆ ಬರುವುದಿಲ್ಲ ಎಂದು ವಾದಿಸಿದ್ದ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದೇ ಬಗೆಯ ವಿಚಾರಕ್ಕೆ ಶರೀರಶಾಸ್ತ್ರದ ತಳಹದಿ ಹಾಕಿದರು. 1856ರಿಂದ 1867ರವರೆಗೆ ಭಾಗಭಾಗವಾಗಿ ಹೊರಬಂದ ಅವರ ದೃಗ್ವಿಜ್ಞಾನದ ಕೈಪಿಡಿಯಲ್ಲಿ ಗ್ರಹಿಕೆಯನ್ನು ಅರಿವಿಲ್ಲದೆ ನಡೆಯುವ ತೀರ್ಮಾನವೆಂದು ಕರೆಯಲಾಗಿದೆ. ಇಂಥ ಬಿಂಬ ಸಾಮಾನ್ಯವಾಗಿ ಇಂಥ ವಸ್ತುವಿನಿಂದ ಉಂಟಾಗುತ್ತದೆ ಎಂಬುದನ್ನು ಅನುಭವದಿಂದ ಕಲಿತ ಮನಸ್ಸು, ಬಿಂಬ ದೊರೆತ ಕೂಡಲೇ ಹೆಚ್ಚು ಸಂಭಾವ್ಯವಾದ ವಸ್ತುವನ್ನು ನಮ್ಮ ಮುಂದೆ ನಿಲ್ಲಿಸುತ್ತದೆ. ಮುಚ್ಚಿದ ಕಣ್ಣಿನ ಹೊರಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮೂಗಿನ ಕಡೆಗೆ ಒಂದು ಬೆಳಕಿನ ಕಲೆ ಕಾಣುತ್ತದೆ. ಒತ್ತಿದ್ದು ಬೆರಳಾದರೂ ಕಂಡದ್ದು ಬೆಳಕು. ಅದೂ ಎದುರು ಬದಿಯಲ್ಲಿ. ಅಕ್ಷಿಪಟಲದ ಆ ಭಾಗವನ್ನು ಸಾಮಾನ್ಯವಾಗಿ ಕೆರಳಿಸುವುದು ಎದುರು ಬದಿಯಿಂದ ಬರುವ ಬೆಳಕಾದ್ದರಿಂದ ಮಿದುಳು ಇಲ್ಲಿಯೂ ಅದೇ ತೀರ್ಮಾನಕ್ಕೆ ಬರುತ್ತದೆ.

ಇದೇ ಕಾಲದ ಇನ್ನೊಂದು ಧಾರೆ, ಗ್ರಹಿಕೆಯನ್ನು ಬಿಡಿಬಿಡಿ ಸಂವೇದನೆಗಳ ಮೊತ್ತವೆಂದು ಭಾವಿಸಿ ಅದನ್ನು ಒಡೆದು ಎಣಿಸಲು ಹೊರಟಿತು. ಅದರ ವಿರುದ್ಧ ಎದ್ದದ್ದೇ, ಬಿಡಿಗಳಿಗಿಂತ ಇಡಿಯಾಕೃತಿಯೇ ಮೊದಲು ಎನ್ನುವ ಗೆಸ್ಟಾಲ್ಟ್ ಪಂಥ. 1912ರಲ್ಲಿ ಮಾಕ್ಸ್ ವರ್ಟ್‌ಹೈಮರ್ ಪ್ರಕಟಿಸಿದ ಪ್ರಯೋಗ ಬಹಳ ಸರಳ: ಎರಡು ಗೆರೆಗಳನ್ನು ಒಂದಾದ ಮೇಲೊಂದರಂತೆ, ನಡುವೆ ಅತ್ಯಲ್ಪ ಅಂತರ ಕೊಟ್ಟು ಬೇರೆಬೇರೆ ಜಾಗಗಳಲ್ಲಿ ತೋರಿಸಿದರೆ ಜನ ಎರಡು ಗೆರೆಗಳನ್ನು ಕಾಣುವುದಿಲ್ಲ, ಒಂದೇ ಗೆರೆಯ ಚಲನೆಯನ್ನು ಕಾಣುತ್ತಾರೆ. ಆ ಚಲನೆ ಮೊದಲ ಗೆರೆಯಲ್ಲಿಲ್ಲ, ಎರಡನೆಯದರಲ್ಲೂ ಇಲ್ಲ. ಹಾಗಾದರೆ ಬಿಡಿಗಳನ್ನು ಕೂಡಿಸಿ ಇಡಿಯನ್ನು ಪಡೆಯುವ ಲೆಕ್ಕ ಎಲ್ಲೋ ತಪ್ಪಿದೆ. ಅಂದು ನೋಡುಗರಾಗಿ ಕೂತವರಲ್ಲಿ ವೋಲ್ಫ್‌ಗಾಂಗ್ ಕೋಲರ್ ಮತ್ತು ಕುರ್ಟ್ ಕಾಫ್ಕಾ ಇದ್ದರು. ಮುಂದೆ ಈ ಮೂವರೂ ಸೇರಿಯೇ ಪಂಥವನ್ನು ಬೆಳೆಸಿದರು. 1923ರ ಲೇಖನವೊಂದರ ಆರಂಭದಲ್ಲಿ ವರ್ಟ್‌ಹೈಮರ್ ಕಿಟಕಿಯ ಬಳಿ ನಿಂತು ಕೇಳುತ್ತಾರೆ: ಸಿದ್ಧಾಂತದ ಪ್ರಕಾರ ನನ್ನ ಮುಂದೆ 327 ಬಗೆಯ ಹೊಳಪು ಮತ್ತು ಬಣ್ಣಗಳಿವೆ ಎನ್ನಬಹುದು, ಆದರೆ ನನಗೆ ಕಾಣುತ್ತಿರುವುದು 327 ಏನು? ಅಲ್ಲ, ಮನೆ, ಮರಗಳು, ಆಕಾಶ.

ಆ ಲೇಖನದಲ್ಲಿ ಅವರು ಮುಂದಿಟ್ಟ ನಿಯಮಗಳು ಇಂದಿಗೂ ಜೀವಂತವಾಗಿವೆ. ಹತ್ತಿರವಿರುವ ಚುಕ್ಕೆಗಳು ಒಂದು ಗುಂಪಾಗುತ್ತವೆ. ಒಂದೇ ಬಣ್ಣದವು, ಒಂದೇ ಆಕಾರದವು ಜೊತೆಗೂಡುತ್ತವೆ. ಎರಡು ಗೆರೆಗಳು ಹಾದುಹೋದಾಗ ಕಣ್ಣು ಪ್ರತಿಯೊಂದನ್ನೂ ಅದರ ಸಹಜ ಓಟದಲ್ಲೇ ಮುಂದುವರಿಸುತ್ತದೆ. ಒಟ್ಟಿಗೆ ಚಲಿಸುವವು ಒಂದೇ ವಸ್ತುವಿಗೆ ಸೇರಿದವಾಗಿ ಕಾಣುತ್ತವೆ. ಈ ಕೊನೆಯದಕ್ಕೆ ಸಮಾನ ಗತಿಯ ನಿಯಮ ಎನ್ನೋಣ. ಅದಕ್ಕೆ ಮತ್ತೆ ಬರುತ್ತೇನೆ. ಇದಕ್ಕೂ ಮುಂಚೆ, 1915ರಲ್ಲಿ, ಡೆನ್ಮಾರ್ಕಿನ ಎಡ್ಗರ್ ರೂಬಿನ್ ಆಕೃತಿ ಮತ್ತು ಹಿನ್ನೆಲೆಯ ಸಂಬಂಧವನ್ನು ತೋರಿಸಿಕೊಟ್ಟಿದ್ದರು. ಹೂದಾನಿಯಾಗಿಯೂ ಎದುರುಬದುರಾದ ಎರಡು ಮುಖಗಳಾಗಿಯೂ ಕಾಣುವ ಅವರ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಅದರಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ನಡುವಿನ ಗಡಿಗೆರೆ ಒಂದೇ ಆದರೂ ಅದು ಯಾವ ಕ್ಷಣದಲ್ಲೂ ಎರಡು ಬದಿಗಳಿಗೂ ಸೇರುವುದಿಲ್ಲ. ಹೂದಾನಿ ಕಂಡಾಗ ಗೆರೆ ಹೂದಾನಿಯ ಸ್ವತ್ತು, ಅದರ ಆಚೆಯದು ಆಕಾರವಿಲ್ಲದೆ ಹಿಂದೆ ಹಬ್ಬಿದ ಬಯಲು. ಮುಖಗಳು ಕಂಡಾಗ ಇದೇ ಮಾತು ತಿರುವುಮುರುವಾಗುತ್ತದೆ. ಗುರುತಿಸುವುದಿರಲಿ, ಆಕಾರ ಎಂಬುದು ಇರಬೇಕಾದರೂ ಗಡಿ ಯಾರದೆಂಬ ವ್ಯಾಜ್ಯ ಮೊದಲು ತೀರ್ಮಾನವಾಗಬೇಕು.

ಈ ಪಂಥದ ವಿವರಣೆಗಳು ನಿರೀಕ್ಷಿಸಿದಷ್ಟು ದೂರ ಹೋಗಲಿಲ್ಲ. ಮಿದುಳಿನ ಹೊರಪದರದಲ್ಲಿ ವಿದ್ಯುತ್ ಕ್ಷೇತ್ರಗಳು ಹರಡಿ, ನಾವು ಕಾಣುವ ಇಡಿಯಾಕೃತಿಗೆ ಅನುರೂಪವಾದ ವಿನ್ಯಾಸ ತಳೆಯುತ್ತವೆ ಎಂದು ಕೋಲರ್ ನಂಬಿದ್ದರು. 1951ರಲ್ಲಿ ಕಾರ್ಲ್ ಲ್ಯಾಶ್ಲಿ ಮತ್ತು ಸಂಗಡಿಗರು ಕೋತಿಗಳ ದೃಷ್ಟಿ ಹೊರಪದರದ ಮೇಲೆ ಚಿನ್ನದ ತೆಳು ಪಟ್ಟಿಗಳನ್ನಿಟ್ಟು ಆ ಕ್ಷೇತ್ರಗಳನ್ನು ಕದಡಲು ನೋಡಿದರು. ಕೋತಿಗಳು ಕಲಿತ ಆಕೃತಿಗಳನ್ನು ಮೊದಲಿನಂತೆಯೇ ಗುರುತಿಸಿದವು. ಕೆಲವು ವರ್ಷಗಳಲ್ಲಿ ರಾಜರ್ ಸ್ಪೆರಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳೂ ಇದೇ ಕಡೆ ಬೆರಳು ತೋರಿದವು. ಕ್ಷೇತ್ರಗಳ ವಾದ ಬಿತ್ತು, ನಿಯಮಗಳು ಉಳಿದವು. ಅವುಗಳ ಎಲ್ಲೆ ಬೇರೆಡೆಯಿದೆ. ಗೆಸ್ಟಾಲ್ಟ್ ಪಂಥದವರು ಹೆಚ್ಚಾಗಿ ನೋಡುಗನ ಮುಂದೆ ಇಟ್ಟದ್ದು ಕಾಗದದ ಮೇಲಿನ ಚುಕ್ಕೆಗಳನ್ನು, ಗೆರೆಗಳನ್ನು. ಯಾವುದು ಯಾವುದರ ಜೊತೆ ಸೇರುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿದೆ. ಸೇರಿದ ಮೇಲೆ ಅದು ಕುರ್ಚಿಯೋ ಕುದುರೆಯೋ ಎಂಬ ಪ್ರಶ್ನೆಯನ್ನು ಅವರು ಬಹುತೇಕ ಕೇಳಲೇ ಇಲ್ಲ.

ಅಮೆರಿಕದ ಜೇಮ್ಸ್ ಗಿಬ್ಸನ್ ಅವರದು ಇದಕ್ಕೆಲ್ಲ ಪಕ್ಕಾ ತದ್ವಿರುದ್ಧವಾದ ದಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೇನಾ ವಿಮಾನಗಳ ಪೈಲಟ್‌ಗಳನ್ನು ಆರಿಸುವ ಪರೀಕ್ಷೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೂತಲ್ಲೇ ಕೂತ ಅಭ್ಯರ್ಥಿಗೆ ಸ್ಥಿರಚಿತ್ರ ತೋರಿಸಿ ಆಳವನ್ನು ಅಂದಾಜು ಮಾಡಿಸುವ ಪರೀಕ್ಷೆಗಳಿಂದ, ಅವನು ವಿಮಾನವನ್ನು ಸರಿಯಾಗಿ ನೆಲಕ್ಕಿಳಿಸಬಲ್ಲನೇ ಎಂಬುದು ತಿಳಿಯುತ್ತಿರಲಿಲ್ಲ. ಇಳಿಯುತ್ತಿರುವ ಪೈಲಟ್ಟಿಗೆ ಏನು ಕಾಣುತ್ತದೆ? ಇಡೀ ನೆಲ ಒಂದು ಬಿಂದುವಿನಿಂದ ಚಿಮ್ಮಿ ಎಲ್ಲ ದಿಕ್ಕಿಗೂ ಹರಿಯುತ್ತದೆ. ಆ ಬಿಂದುವಷ್ಟೇ ಕದಲದೆ ನಿಂತಿರುತ್ತದೆ, ವಿಮಾನ ಹೋಗಿ ತಗಲುವುದು ಅಲ್ಲಿಗೇ. ಈ ಹರಿವಿನಲ್ಲೇ ದಿಕ್ಕು, ವೇಗ, ದೂರಗಳ ಮಾಹಿತಿ ಇರುವಾಗ, ಬಡ ಬಿಂಬದಿಂದ ಶ್ರೀಮಂತ ಜಗತ್ತನ್ನು ಊಹಿಸಿಕೊಳ್ಳುವ ಪ್ರಮೇಯವೇ ಇಲ್ಲ ಎಂದರು ಗಿಬ್ಸನ್. 1950ರ ಗ್ರಂಥದಿಂದ 1979ರ ಕೊನೆಯ ಗ್ರಂಥದವರೆಗೆ ಈ ವಿಚಾರವನ್ನು ಅವರು ಹರಿತಗೊಳಿಸುತ್ತಲೇ ಹೋದರು. ದೂರ ಹೋದಂತೆ ನೆಲದ ಮೇಲ್ಮೈಯ ಕಣಗಳು ದಟ್ಟವಾಗುತ್ತ ಸಾಗುತ್ತವೆ. ನೋಡುಗ ಕದಲಿದಂತೆ ಹತ್ತಿರದವು ಬೇಗ, ದೂರದವು ನಿಧಾನವಾಗಿ ಸರಿಯುತ್ತವೆ. ಇಂಥ ಬದಲಾವಣೆಗಳ ನಡುವೆ ಬದಲಾಗದೆ ಉಳಿಯುವ ಸಂಬಂಧಗಳನ್ನು ಕಣ್ಣು ನೇರವಾಗಿ ಹಿಡಿಯುತ್ತದೆ.

ಗಿಬ್ಸನ್ ಅವರ ಇನ್ನೊಂದು ಮಾತು ವಿನ್ಯಾಸಕಾರರ ಬಾಯಲ್ಲಿ ಈಗ ದಿನನಿತ್ಯ ಕೇಳಿಬರುತ್ತದೆ: ಅಫೋರ್ಡೆನ್ಸ್. ವಸ್ತುವೊಂದು ಒಂದು ಜೀವಿಗೆ ಯಾವ ಕ್ರಿಯೆಗೆ ಅವಕಾಶ ಕೊಡುತ್ತದೆ ಎಂಬುದು ಅದರ ಅರ್ಥ. ಮೊಣಕಾಲಿನ ಎತ್ತರದ ಗಟ್ಟಿ, ಮಟ್ಟಸ ಮೇಲ್ಮೈ ದೊಡ್ಡವರಿಗೆ ಕೂರಲು ಒದಗುತ್ತದೆ, ತೆವಳುವ ಮಗುವಿಗೆ ಒದಗುವುದಿಲ್ಲ. ನಾವು ಮೊದಲು ಕಾಣುವುದೇ ಇದನ್ನು, ಬಣ್ಣ ಆಕಾರಗಳನ್ನು ಕಂಡು ಆಮೇಲೆ ಇದನ್ನು ತರ್ಕಿಸುವುದಲ್ಲ ಎಂಬುದು ಗಿಬ್ಸನ್ ವಾದ. ಕಣ್ಣು ಕೈಕಾಲುಗಳಿಂದ ಬೇರೆಯಲ್ಲ ಎಂಬುದನ್ನು ತೋರಿಸುವ ಪ್ರಯೋಗವನ್ನು 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಅರಾನ್ಸನ್ ನಡೆಸಿದರು. ನೆಲಕ್ಕೆ ತಾಗದಂತೆ ತೂಗುಹಾಕಿದ, ಗೋಡೆಗಳಷ್ಟೇ ಕದಲುವ ಒಂದು ಕೋಣೆ. ಆಗತಾನೇ ನಿಲ್ಲಲು ಕಲಿತ ಮಕ್ಕಳನ್ನು ಅದರೊಳಗೆ ನಿಲ್ಲಿಸಿ ಗೋಡೆಯನ್ನು ತುಸು ಅವರ ಕಡೆಗೆ ಸರಿಸಿದರೆ, ಕಾಲಡಿಯ ನೆಲ ಗಟ್ಟಿಯಾಗಿಯೇ ಇದ್ದರೂ ಮಕ್ಕಳು ಹಿಂದಕ್ಕೆ ವಾಲಿದರು, ಕೆಲವರು ಕುಕ್ಕರಿಸಿ ಬಿದ್ದರು. ಗೋಡೆ ಹತ್ತಿರ ಬಂದಾಗ ಉಂಟಾದ ದೃಶ್ಯದ ಹರಿವು, ತಾನು ಮುಂದಕ್ಕೆ ಬೀಳುತ್ತಿದ್ದೇನೆ ಎಂದು ದೇಹಕ್ಕೆ ಹೇಳಿತ್ತು. ದೇಹ ಅದನ್ನು ಸರಿಪಡಿಸಲು ಹೋಯಿತು. ಊಹೆಗೆ, ತರ್ಕಕ್ಕೆ ಅಲ್ಲಿ ಪುರುಸೊತ್ತೇ ಇರಲಿಲ್ಲ.

ಅಷ್ಟಾದರೂ ಗಿಬ್ಸನ್ ನಡೆದಾಡುವ ನೋಡುಗನನ್ನು ಹಗಲು ಬೆಳಕಿನಲ್ಲಿ, ತೆರೆದ ಬಯಲಿನಲ್ಲಿ ನಿಲ್ಲಿಸಿದವರು ಎಂಬುದನ್ನು ಮರೆಯಬಾರದು. ಅವರ ಎದುರಾಳಿ, ಬ್ರಿಟನ್ನಿನ ರಿಚರ್ಡ್ ಗ್ರೆಗರಿ, ನೋಡುಗನ ಮುಂದೆ ಇಟ್ಟದ್ದು ಮೋಸದ ಚಿತ್ರಗಳನ್ನು. ಅವರಿಗೆ ಗ್ರಹಿಕೆ ಎಂದರೆ ಪ್ರಾಕ್ಕಲ್ಪನೆ: ಇಂದ್ರಿಯಗಳು ಒದಗಿಸುವ ಅರೆಬರೆ ಸುಳಿವುಗಳಿಂದ ಹೊರಗೆ ಏನಿದ್ದೀತು ಎಂದು ಮಿದುಳು ಕಟ್ಟುವ ಅತ್ಯುತ್ತಮ ಊಹೆ. ಅವರ ಮೆಚ್ಚಿನ ಉದಾಹರಣೆ ಟೊಳ್ಳು ಮುಖವಾಡ. ಮುಖವಾಡವನ್ನು ತಿರುಗಿಸಿ ಅದರ ಒಳಬದಿಯನ್ನು ತುಸು ದೂರದಿಂದ ನೋಡಿದರೆ, ಮೂಗು ಒಳಕ್ಕೆ ಹೋಗಿದ್ದರೂ ನಮಗದು ಹೊರಕ್ಕೆ ಚಾಚಿದ ಮಾಮೂಲಿ ಮುಖವಾಗಿಯೇ ಕಾಣುತ್ತದೆ. ನೆರಳುಗಳು ಬೇರೆ ಕಥೆ ಹೇಳುತ್ತಿದ್ದರೂ, ಎರಡು ಕಣ್ಣುಗಳ ಬಿಂಬಗಳು ಬೇರೆ ಸಾಕ್ಷ್ಯ ಕೊಡುತ್ತಿದ್ದರೂ, ಮುಖಗಳು ಹೊರಕ್ಕೆ ಉಬ್ಬಿರುತ್ತವೆ ಎಂಬ ಜೀವಮಾನದ ಅನುಭವ ಗೆಲ್ಲುತ್ತದೆ.

ಇಲ್ಲಿ ತುಸು ಪಕ್ಕಕ್ಕೆ ಸರಿಯಲು ಅನುಮತಿ ಕೊಡಿ. ನಮ್ಮ ದಾರ್ಶನಿಕರು ಹಗ್ಗದಲ್ಲಿ ಹಾವು ಕಾಣುವ ದೃಷ್ಟಾಂತವನ್ನು ಪದೇಪದೇ ಕೊಡುತ್ತಾರೆ. ದೀಪ ತಂದು ನೋಡಿದ ಕೂಡಲೇ ಹಾವು ಮಾಯವಾಗುತ್ತದೆ, ಮತ್ತೆ ಬರುವುದಿಲ್ಲ. ಮನೋವಿಜ್ಞಾನಿಗಳನ್ನು ಕಾಡಿದ ಭ್ರಮೆಗಳು ಬಹುಪಾಲು ಈ ಜಾತಿಯವಲ್ಲ. 1889ರಲ್ಲಿ ಮ್ಯುಲರ್-ಲಯರ್ ಬರೆದ ಎರಡು ಗೆರೆಗಳನ್ನು, ಒಂದರ ತುದಿಗಳಲ್ಲಿ ಬಾಣದ ರೆಕ್ಕೆಗಳು ಒಳಮುಖವಾಗಿ, ಇನ್ನೊಂದರಲ್ಲಿ ಹೊರಮುಖವಾಗಿ ಇರುವುದನ್ನು, ಅಳತೆಪಟ್ಟಿ ಇಟ್ಟು ಅಳೆದು ಸಮವೆಂದು ಖಾತ್ರಿ ಮಾಡಿಕೊಂಡ ಮೇಲೂ ಒಂದು ಉದ್ದವಾಗಿಯೇ ಕಾಣುತ್ತದೆ. ಅದ್ವೈತಿಗಳು ಈ ಭೇದವನ್ನೂ ಬಲ್ಲವರೇ. ಕೆಂಪು ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕ, ಅದು ಬಣ್ಣವಿಲ್ಲದ್ದು ಎಂದು ತಿಳಿದ ಮೇಲೂ ಹೂವು ಅಲ್ಲಿರುವಷ್ಟು ಹೊತ್ತು ಕೆಂಪಾಗಿಯೇ ಕಾಣುತ್ತದೆ ಎಂದು ಅದನ್ನು ಪ್ರತ್ಯೇಕ ವರ್ಗವಾಗಿಯೇ ಗುರುತಿಸಿದ್ದಾರೆ. ಗ್ರೆಗರಿ ಅವರ ಸಿದ್ಧಾಂತಕ್ಕೆ ಇದು ಬಿಗಿಯಾದ ಪ್ರಶ್ನೆ. ಗ್ರಹಿಕೆ ಜ್ಞಾನದಿಂದ ಕಟ್ಟಿದ ಊಹೆಯಾದರೆ, ಅಳೆದು ಪಡೆದ ಜ್ಞಾನ ಅದನ್ನೇಕೆ ತಿದ್ದುವುದಿಲ್ಲ? ಗ್ರಹಿಕೆ ಬಳಸುವ ಜ್ಞಾನವೂ ನಾವು ಬಾಯಿಬಿಟ್ಟು ಹೇಳಬಲ್ಲ ಜ್ಞಾನವೂ ಬೇರೆಬೇರೆ ಕೋಣೆಗಳಲ್ಲಿವೆ ಎಂದು ಒಪ್ಪದೆ ಬೇರೆ ದಾರಿಯಿಲ್ಲ.

ಗಿಬ್ಸನ್ ಮತ್ತು ಗ್ರೆಗರಿ ಅವರಲ್ಲಿ ಯಾರು ಸರಿ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇಂಥ ಪ್ರಶ್ನೆಗೆ ಅಪರೂಪಕ್ಕೆ ಪ್ರಯೋಗದಿಂದಲೇ ಉತ್ತರ ದೊರೆತಿದೆ, ಅದೂ ಟೊಳ್ಳು ಮುಖವಾಡದಿಂದಲೇ. 2006ರಲ್ಲಿ ಪ್ರಕಟವಾದ, ಗ್ರೆಗರಿ ಅವರೂ ಸಹಲೇಖಕರಾಗಿದ್ದ ಅಧ್ಯಯನವೊಂದರಲ್ಲಿ, ಅಂಥ ಮುಖವಾಡದ ಮೇಲೆ ಒಂದು ಚಿಕ್ಕ ಗುರಿಯನ್ನು ಅಂಟಿಸಿ, ಹುಳವನ್ನು ಹೊಡೆದು ಹಾರಿಸುವಂತೆ ಬೆರಳಿನಿಂದ ಥಟ್ಟನೆ ಅದನ್ನು ಹೊಡೆಯಲು ಹೇಳಿದರು. ನೋಡುಗರಿಗೆ ಮುಖ ಉಬ್ಬಿಯೇ ಕಾಣುತ್ತಿತ್ತು, ಗುರಿ ಎಲ್ಲಿದೆ ಎಂದು ಕೇಳಿದರೆ ತಪ್ಪು ಜಾಗವನ್ನೇ ತೋರಿಸುತ್ತಿದ್ದರು; ಆದರೆ ಬೆರಳು ಹೋಗುತ್ತಿದ್ದದ್ದು ಟೊಳ್ಳಿನೊಳಗೆ ಗುರಿ ನಿಜವಾಗಿ ಇದ್ದ ಜಾಗಕ್ಕೆ. ಒಂದೇ ತಲೆಯೊಳಗೆ ಕಣ್ಣು ಗ್ರೆಗರಿಯವರ ಮಾತು ಕೇಳುತ್ತಿತ್ತು, ಕೈ ಗಿಬ್ಸನ್ ಅವರ ಮಾತು ಕೇಳುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಈ ಸೀಳು ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ರೋಗಿಗಳ ಕಡೆಗೆ ತಿರುಗಬೇಕು. ಕಣ್ಣು ಚೆನ್ನಾಗಿದ್ದೂ ವಸ್ತುಗಳನ್ನು ಗುರುತಿಸಲಾಗದ ಸ್ಥಿತಿಗೆ ಅಗ್ನೋಸಿಯಾ ಎನ್ನುತ್ತಾರೆ. ಹೈನ್ರಿಖ್ ಲಿಸಾವರ್ 1890ರಲ್ಲೇ ಇದರಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿದ್ದರು: ಆಕಾರವೇ ಕೂಡಿಬರದ ಬಗೆ, ಆಕಾರ ಕೂಡಿಬಂದರೂ ಅರ್ಥ ಹೊಳೆಯದ ಬಗೆ. ಮೊದಲನೆಯದಕ್ಕೆ ಪ್ರಸಿದ್ಧ ನಿದರ್ಶನ ಡಿ.ಎಫ್. ಎಂಬ ಅಕ್ಷರಗಳಿಂದಷ್ಟೇ ಸಾಹಿತ್ಯದಲ್ಲಿ ಗುರುತಾಗಿರುವ ಮಹಿಳೆ. 1988ರಲ್ಲಿ ಕಾರ್ಬನ್ ಮೊನಾಕ್ಸೈಡ್ ವಿಷದಿಂದ ಆಕೆಯ ಮಿದುಳಿಗೆ ಪೆಟ್ಟಾಯಿತು. ಬಣ್ಣ ಕಾಣುತ್ತಿತ್ತು, ಮೇಲ್ಮೈಯ ನುಣುಪು ಒರಟು ಕಾಣುತ್ತಿತ್ತು, ಆಕಾರ ಮಾತ್ರ ಇಲ್ಲ. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ಆಕೆಯ ಮುಂದೆ ಅಂಚೆಪೆಟ್ಟಿಗೆಯ ಬಾಯಿಯಂಥ ಸೀಳೊಂದನ್ನು ಹಿಡಿದು, ಅದು ಅಡ್ಡಲಾಗಿದೆಯೋ ಓರೆಯಾಗಿದೆಯೋ ಎಂದು ಕೇಳಿದರು. ಕೈಯಲ್ಲಿದ್ದ ಕಾರ್ಡನ್ನು ಅದೇ ಓರೆಗೆ ತಿರುಗಿಸಿ ತೋರಿಸಲು ಹೇಳಿದರೂ ಆಕೆಯಿಂದಾಗಲಿಲ್ಲ. ಆದರೆ ಕಾರ್ಡನ್ನು ಸೀಳಿನೊಳಗೆ ಹಾಕಿ ಎಂದಾಗ, ಕೈ ಹೊರಟ ಕ್ಷಣದಿಂದಲೇ ಕಾರ್ಡು ಸರಿಯಾದ ಓರೆಗೆ ಹೊರಳಿ ಸಲೀಸಾಗಿ ಒಳಹೋಯಿತು. 1991ರಲ್ಲಿ ಇದು ಪ್ರಕಟವಾದ ಮೇಲೆ, ಮಿದುಳಿನಲ್ಲಿ ಗುರುತಿಸುವುದಕ್ಕೆ ಒಂದು ದಾರಿ ಕೆಳಬದಿಯಲ್ಲೂ, ಕೈಯನ್ನು ನಡೆಸುವುದಕ್ಕೆ ಇನ್ನೊಂದು ದಾರಿ ಮೇಲುಬದಿಯಲ್ಲೂ ಇವೆ ಎಂಬ ವಾದಕ್ಕೆ ಹೊಸ ಬಲ ಬಂತು. ಹೀಗಾಗಿ ನೋಡುಗನಿಂದ ಹೆಸರನ್ನು ಬೇಡುವ ಪ್ರಯೋಗವೂ ಹಿಡಿತವನ್ನು ಬೇಡುವ ಪ್ರಯೋಗವೂ ಒಂದೇ ದೃಷ್ಟಿಯನ್ನು ಅಳೆಯುತ್ತಿವೆ ಎಂದುಕೊಳ್ಳುವಂತಿಲ್ಲ.

ಇನ್ನೊಬ್ಬರು ಎಚ್.ಜೆ.ಎ. ಎಂಬ ಬ್ರಿಟನ್ನಿನ ರೋಗಿ. ಮನೋವಿಜ್ಞಾನಿಗಳಾದ ಗ್ಲಿನ್ ಹಂಫ್ರೀಸ್ ಮತ್ತು ಜೇನ್ ರಿಡಕ್ ಈ ರೋಗಿಯನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಚಿತ್ರವನ್ನು ಗೆರೆ ಗೆರೆಯಾಗಿ ಗಂಟೆಗಟ್ಟಲೆ ಕೂತು ಎಚ್.ಜೆ.ಎ. ಅಚ್ಚುಕಟ್ಟಾಗಿ ನಕಲು ಮಾಡಿದರು. ಬರೆದದ್ದು ಏನೆಂದು ಮಾತ್ರ ತಿಳಿಯಲಿಲ್ಲ. ಕ್ಯಾರೆಟ್‌ನ ಚಿತ್ರ ಕೊಟ್ಟಾಗ, ಕೆಳತುದಿ ಗಟ್ಟಿಯಾಗಿದೆ, ಮೇಲಿನದು ಗರಿಗರಿಯಾಗಿದೆ, ಯಾವುದೋ ಬಗೆಯ ಬ್ರಷ್ ಇದ್ದರೂ ಇರಬಹುದು ಎಂದು ತರ್ಕಿಸಿದರು. ಭಾಗಗಳು ಒಂದೊಂದಾಗಿ ಸಿಕ್ಕುತ್ತಿದ್ದವು, ಇಡಿ ಸಿಕ್ಕುತ್ತಿರಲಿಲ್ಲ. ವರ್ಟ್‌ಹೈಮರ್ ಖಂಡಿಸಿದ್ದ ಆ ಬಿಡಿಗಳ ಮೊತ್ತ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಚಿತ್ರವನ್ನು ನೆನೆಯುತ್ತೇನೆ.

ಇಷ್ಟು ಹೊತ್ತಿಗೆ ಗುರುತಿಸುವಿಕೆಯ ಪ್ರಶ್ನೆ ಮುಂದೆ ಬಂದು ನಿಂತಿದೆ. ಅದನ್ನು ಗಣಿತದ ನಿಖರತೆಯಿಂದ ಕೇಳಿದವರು ಡೇವಿಡ್ ಮಾರ್. 1980ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ಗ್ರಂಥ 1982ರಲ್ಲಿ ಪ್ರಕಟವಾಯಿತು. ದೃಷ್ಟಿ ಯಾವ ಲೆಕ್ಕವನ್ನು ಬಿಡಿಸುತ್ತಿದೆ, ಯಾವ ವಿಧಾನದಿಂದ ಬಿಡಿಸುತ್ತಿದೆ, ಆ ವಿಧಾನವನ್ನು ಯಾವ ಯಂತ್ರಾಂಶ ನಡೆಸುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಕಲಸಬಾರದು ಎಂದರು ಮಾರ್. ನನ್ನ ಮಟ್ಟಿಗೆ ಅವರ ಉಳಿದೆಲ್ಲ ಕೊಡುಗೆಗಿಂತ ಇದೇ ದೊಡ್ಡದು. ಹಿಂದಿನ ಎಷ್ಟೋ ಜಗಳಗಳಲ್ಲಿ ಒಬ್ಬರು ಮೊದಲನೆಯದರ ಬಗ್ಗೆ, ಇನ್ನೊಬ್ಬರು ಮೂರನೆಯದರ ಬಗ್ಗೆ ಮಾತಾಡುತ್ತಿದ್ದರು. ಅವರ ವಿವರಣೆಯಲ್ಲಿ ಬಿಂಬದಿಂದ ಮೊದಲು ಅಂಚುಗಳ ಕಚ್ಚಾ ನಕ್ಷೆ, ಅದರಿಂದ ನೋಡುಗನ ಕಡೆಯಿಂದ ಕಾಣುವ ಮೇಲ್ಮೈಗಳ ನಕ್ಷೆ, ಕೊನೆಗೆ ಯಾವ ಕಡೆಯಿಂದ ನೋಡಿದರೂ ಬದಲಾಗದ, ವಸ್ತುವಿಗೇ ಸೇರಿದ ಮೂರು ಆಯಾಮಗಳ ಮಾದರಿ ಸಿದ್ಧವಾಗುತ್ತದೆ. ಮೊದಲ ಹಂತಕ್ಕೆ ಶರೀರಶಾಸ್ತ್ರದ ಆಧಾರ ಆಗಲೇ ಇತ್ತು: ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸಲ್ ಬೆಕ್ಕಿನ ಮಿದುಳಿನಲ್ಲಿ, ನಿರ್ದಿಷ್ಟ ಓರೆಯ ಅಂಚಿಗಷ್ಟೇ ಸ್ಪಂದಿಸುವ ನರಕೋಶಗಳನ್ನು ಕಂಡಿದ್ದರು. ಚುಕ್ಕೆಗಳನ್ನು ತೋರಿಸುತ್ತ ಕೂತಿದ್ದವರಿಗೆ, ಗಾಜಿನ ಸ್ಲೈಡನ್ನು ಸರಿಸುವಾಗ ಅದರ ಅಂಚಿನ ನೆರಳು ತೆರೆಯ ಮೇಲೆ ಹಾಯ್ದದ್ದೇ ಕೋಶ ಸಿಡಿಯುವಂತೆ ಸದ್ದು ಮಾಡಿ ಗುಟ್ಟು ಬಿಟ್ಟುಕೊಟ್ಟಿತು. ಮುಂದೆ 1981ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಮಾರ್ ಹಾದಿಯಲ್ಲಿ ಮುಂದುವರಿದ ಅರ್ವಿಂಗ್ ಬೀಡರ್‌ಮನ್ 1987ರಲ್ಲಿ, ಇಟ್ಟಿಗೆ, ಸಿಲಿಂಡರ್, ಶಂಕುವಿನಂಥ ಸುಮಾರು 36 ಮೂಲ ಘನಾಕೃತಿಗಳ ಜೋಡಣೆಯಿಂದ ವಸ್ತುಗಳನ್ನು ಗುರುತಿಸುತ್ತೇವೆ ಎಂದರು. ಅವುಗಳಿಗೆ ಅವರಿಟ್ಟ ಹೆಸರು ಜಿಯಾನ್. ಸಿಲಿಂಡರಿನ ಪಕ್ಕಕ್ಕೆ ಬಾಗಿದ ಕೊಳವೆ ಜೋಡಿಸಿದರೆ ಹಿಡಿಯುಳ್ಳ ಲೋಟ, ಮೇಲಕ್ಕೆ ಜೋಡಿಸಿದರೆ ಬಕೆಟ್. ಆಕೃತಿಗಳು ಅವೇ, ಸಂಬಂಧ ಬೇರೆ. ವಸ್ತುವಿನ ಗೆರೆಚಿತ್ರದಲ್ಲಿ ಭಾಗಗಳು ಕೂಡುವ ಮೂಲೆಗಳನ್ನು ಅಳಿಸಿದರೆ ಅದನ್ನು ಗುರುತಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅಷ್ಟೇ ಉದ್ದದ ಗೆರೆಗಳನ್ನು ಮೂಲೆ ಬಿಟ್ಟು ನಡುವಿನಲ್ಲಿ ಅಳಿಸಿದರೆ ಗುರುತಿಸುವುದು ಕಷ್ಟವಲ್ಲ ಎಂಬುದನ್ನೂ ಅವರು ತೋರಿಸಿದರು. ಸೊಗಸಾದ ಸಿದ್ಧಾಂತ. ಆದರೆ ನನ್ನ ಹಳೆಯ ಪ್ರಶ್ನೆಯನ್ನು ಇಲ್ಲಿಯೂ ಕೇಳಿ. ಅವರು ಮುಂದಿಟ್ಟದ್ದು ಹೆಚ್ಚಾಗಿ ಮನುಷ್ಯ ತಯಾರಿಸಿದ ವಸ್ತುಗಳ ಗೆರೆಚಿತ್ರಗಳನ್ನು. ಒಂದು ಮುಖವನ್ನು ಇನ್ನೊಂದು ಮುಖದಿಂದ ಜಿಯಾನ್‌ಗಳ ಮೂಲಕ ಬೇರ್ಪಡಿಸಿ ನೋಡಿ, ಆಗುವುದಿಲ್ಲ. ಎಲ್ಲ ಮುಖಗಳ ಜೋಡಣೆಯೂ ಒಂದೇ. ಹೈನ್ರಿಖ್ ಬ್ಯೂಲ್ಟಾಫ್ ಮತ್ತು ಶಿಮೊನ್ ಎಡೆಲ್ಮನ್ 1992ರಲ್ಲಿ ಅಡ್ಡಾದಿಡ್ಡಿ ಬಾಗಿಸಿದ ತಂತಿಗಳಂಥ, ಹಿಂದೆ ಯಾರೂ ಕಾಣದ ವಸ್ತುಗಳನ್ನು ತೋರಿಸಿದಾಗ, ಕಲಿತ ನೋಟದಿಂದ ದೂರ ತಿರುಗಿಸಿದಷ್ಟೂ ಜನ ಹೆಚ್ಚು ಎಡವಿದರು. ಅಂದರೆ ನೆನಪಿನಲ್ಲಿ ಉಳಿದದ್ದು ಮೂರು ಆಯಾಮದ ಮಾದರಿಯಲ್ಲ, ಕಂಡ ಕೆಲವು ನೋಟಗಳು. ಬಕೆಟ್ಟಿನ ಮಟ್ಟಿಗೆ ಬೀಡರ್‌ಮನ್, ಬಾಗಿದ ತಂತಿಯ ಮಟ್ಟಿಗೆ ಬ್ಯೂಲ್ಟಾಫ್ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಮುಖಗಳದು ಬೇರೆಯೇ ಲೋಕ. ಅದಕ್ಕೆ ಇನ್ನೊಂದು ಉಪನ್ಯಾಸ ಬೇಕು. ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಸಿ.ಕೆ. ಎಂಬ ರೋಗಿಗೆ ವಸ್ತುಗಳು ಗುರುತು ಸಿಗುತ್ತಿರಲಿಲ್ಲ, ಮುಖಗಳು ಚೆನ್ನಾಗಿ ಸಿಗುತ್ತಿದ್ದವು. ಹದಿನಾರನೆಯ ಶತಮಾನದ ಇಟಲಿಯ ಆರ್ಚಿಂಬೋಲ್ಡೊ ಹಣ್ಣು ತರಕಾರಿಗಳನ್ನೇ ಜೋಡಿಸಿ ರಚಿಸಿದ ಮುಖಚಿತ್ರಗಳಲ್ಲಿ ಅವರಿಗೆ ಮುಖ ಕಂಡಿತು, ಅದು ತರಕಾರಿಗಳಿಂದಾಗಿದೆ ಎಂಬುದೇ ಕಾಣಲಿಲ್ಲ.

ಇತ್ತೀಚಿನ ದಶಕಗಳಲ್ಲಿ ಹೆಲ್ಮ್‌ಹೋಲ್ಟ್ಸ್ ಹೊಸ ವೇಷದಲ್ಲಿ ಮರಳಿದ್ದಾರೆ. ಮಿದುಳಿನ ಮೇಲಿನ ಹಂತಗಳು ಕೆಳಗಿನವುಗಳಿಗೆ ಮುಂದೇನು ಬರಬಹುದೆಂಬ ನಿರೀಕ್ಷೆಯನ್ನು ಕಳಿಸುತ್ತವೆ, ಕೆಳಗಿನವು ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮೇಲಕ್ಕೆ ಒಪ್ಪಿಸುತ್ತವೆ ಎಂಬ ಮಾದರಿಯನ್ನು ರಾಜೇಶ್ ರಾವ್ ಮತ್ತು ಡಾನಾ ಬಲಾರ್ಡ್ 1999ರಲ್ಲಿ ಗಣಿತದ ರೂಪದಲ್ಲಿ ಮುಂದಿಟ್ಟರು. ಇದಕ್ಕೆ ಪ್ರತಿಯಾಗಿ ನೆನಪಿಡಬೇಕಾದದ್ದು ಸೈಮನ್ ಥಾರ್ಪ್ ಮತ್ತು ಸಂಗಡಿಗರ 1996ರ ಪ್ರಯೋಗ. ಹಿಂದೆಂದೂ ಕಾಣದ ಛಾಯಾಚಿತ್ರವನ್ನು ಕೇವಲ 20 ಮಿಲಿಸೆಕೆಂಡು ತೋರಿಸಿ ಅದರಲ್ಲಿ ಪ್ರಾಣಿ ಇದೆಯೇ ಎಂದು ಕೇಳಿದಾಗ, ಇರುವ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಮಿದುಳಿನ ವಿದ್ಯುತ್ ಸಂಕೇತ 150 ಮಿಲಿಸೆಕೆಂಡಿನಲ್ಲೇ ಬೇರೆಯಾಯಿತು. ಅಷ್ಟು ಅವಧಿಯಲ್ಲಿ ಸಂಕೇತ ಮೇಲಕ್ಕೆ ಒಮ್ಮೆ ಹತ್ತಿ ಹೋಗಬಹುದೇ ಹೊರತು, ಮೇಲೂ ಕೆಳಗೂ ನಾಲ್ಕಾರು ಸಲ ಸಮಾಲೋಚನೆ ನಡೆಯುವುದು ಕಷ್ಟ. ಮಂದ ಬೆಳಕು, ಮರೆಯಾದ ವಸ್ತು, ಗೊಂದಲದ ದೃಶ್ಯ ಎದುರಾದಾಗ ನಿರೀಕ್ಷೆಯ ಪಾಲು ಹೆಚ್ಚುತ್ತದೆ ಎಂದು ನಾನು ಭಾವಿಸುತ್ತೇನೆ.

ಮೇಲಕ್ಕೆ ಒಮ್ಮೆ ಹತ್ತಿ ಹೋಗುವ ಆ ದಾರಿಯನ್ನೇ ಅನುಕರಿಸಿದ, ಕಂಪ್ಯೂಟರಿನಲ್ಲಿ ಕಟ್ಟಿದ ಕೃತಕ ನರಜಾಲಗಳು ಇಂದು ಛಾಯಾಚಿತ್ರಗಳನ್ನು ಚೆನ್ನಾಗಿಯೇ ಗುರುತಿಸುತ್ತವೆ. ಹಾಗಾದರೆ ಅವು ನಮ್ಮಂತೆ ನೋಡುತ್ತವೆಯೇ? 2019ರಲ್ಲಿ ರಾಬರ್ಟ್ ಗೈರೋಸ್ ಮತ್ತು ಸಂಗಡಿಗರು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿದ ಚಿತ್ರಗಳಂಥವನ್ನು ತಯಾರಿಸಿದರು. ಮನುಷ್ಯರು ಬೆಕ್ಕು ಎಂದರು, ಜಾಲಗಳು ಹೆಚ್ಚಾಗಿ ಆನೆ ಎಂದವು. ಚರ್ಮದ ಸುಕ್ಕು ಅವುಗಳಿಗೆ ಸಾಕಾಗಿತ್ತು. ನಮ್ಮ ಮಕ್ಕಳು ಹಾಗಲ್ಲ. ಎರಡು ಮೂರು ವರ್ಷದ ಮಗುವಿಗೆ ಹೊಸ ವಸ್ತುವೊಂದಕ್ಕೆ ಹೆಸರು ಹೇಳಿಕೊಟ್ಟರೆ, ಅದೇ ಬಣ್ಣದ ಅಥವಾ ಅದೇ ಪದಾರ್ಥದ ಇನ್ನೊಂದಕ್ಕಿಂತ ಅದೇ ಆಕಾರದ ಇನ್ನೊಂದಕ್ಕೆ ಆ ಹೆಸರನ್ನು ದಾಟಿಸುತ್ತದೆ. ಜಾಲದ ಮುಂದೆ ಇಟ್ಟದ್ದು ಲಕ್ಷಾಂತರ ನಿಶ್ಚಲ ಚಿತ್ರಗಳನ್ನು. ಮಗುವಿನ ಮುಂದೆ ವಸ್ತುಗಳು ಸರಿಯುತ್ತವೆ, ಉರುಳುತ್ತವೆ, ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತವೆ.

ಈ ವ್ಯತ್ಯಾಸ ಎಷ್ಟು ಆಳದ್ದು ಎಂಬುದನ್ನು ತೋರಿಸುವ ಕೆಲಸ ನಡೆದಿರುವುದು ನಮ್ಮ ದೇಶದಲ್ಲೇ. ಹುಟ್ಟು ಕುರುಡನಿಗೆ ದೃಷ್ಟಿ ಬಂದರೆ, ಮುಟ್ಟಿ ತಿಳಿದಿದ್ದ ಗೋಳವನ್ನೂ ಘನವನ್ನೂ ನೋಡಿದ ಮಾತ್ರಕ್ಕೆ ಬೇರ್ಪಡಿಸಬಲ್ಲನೇ ಎಂಬ ಪ್ರಶ್ನೆಯನ್ನು ವಿಲಿಯಂ ಮೋಲಿನ್ಯೂ 1688ರಲ್ಲೇ ಜಾನ್ ಲಾಕ್‌ಗೆ ಬರೆದು ಕೇಳಿದ್ದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್, ಭಾರತದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ, ಆದರೆ ಚಿಕಿತ್ಸೆಯಿಂದ ಗುಣವಾಗಬಲ್ಲ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಅದರ ಜೊತೆಗೇ ಅವರ ನೋಟ ಹೇಗೆ ಕೂಡಿಬರುತ್ತದೆ ಎಂಬುದನ್ನೂ ಅಧ್ಯಯನ ಮಾಡುತ್ತದೆ. 2011ರ ವರದಿಯ ಪ್ರಕಾರ ಮೋಲಿನ್ಯೂ ಪ್ರಶ್ನೆಗೆ ಉತ್ತರ, ಕೂಡಲೇ ಆಗುವುದಿಲ್ಲ, ಆದರೆ ಕೆಲವೇ ದಿನಗಳ ಅನುಭವದಲ್ಲಿ ಸಾಮರ್ಥ್ಯ ಬೆಳೆಯತೊಡಗುತ್ತದೆ ಎಂಬುದು. ನನಗೆ ಇದಕ್ಕಿಂತ ಮುಖ್ಯವೆನಿಸುವುದು 2009ರ ಇನ್ನೊಂದು ವರದಿ. ಹೊಸದಾಗಿ ದೃಷ್ಟಿ ಪಡೆದವರಿಗೆ ಒಂದರ ಮೇಲೊಂದು ಬಿದ್ದ ಒಂದು ವೃತ್ತ, ಒಂದು ಚೌಕದ ಗೆರೆಚಿತ್ರ ತೋರಿಸಿದರೆ ಅವರಿಗೆ ಎರಡು ಆಕೃತಿಗಳು ಕಾಣಲಿಲ್ಲ. ಗೆರೆಗಳು ಕತ್ತರಿಸಿದಲ್ಲೆಲ್ಲ ಬೇರೆಬೇರೆಯಾದ ತುಂಡುಗಳು ಕಂಡವು. ಛಾಯಾಚಿತ್ರದಲ್ಲೂ ಬಣ್ಣ ಬದಲಾದಲ್ಲೆಲ್ಲ, ಹೊಳಪು ಬದಲಾದಲ್ಲೆಲ್ಲ ಹೊಸ ವಸ್ತು ಕಂಡಿತು. ವರ್ಟ್‌ಹೈಮರ್ ಹುಟ್ಟುಗುಣವೆಂಬಂತೆ ವಿವರಿಸಿದ್ದ ಸಹಜ ಓಟದ ನಿಯಮ ಅವರಲ್ಲಿ ಇನ್ನೂ ಕೆಲಸ ಆರಂಭಿಸಿರಲಿಲ್ಲ. ಅದೇ ಆಕೃತಿಗಳನ್ನು ಕದಲಿಸಿದಾಗ, ಹಿಂದೆ ಹೇಳಿದ ಸಮಾನ ಗತಿಯ ನಿಯಮದಂತೆ, ತುಂಡುಗಳು ಒಟ್ಟುಗೂಡಿ ವೃತ್ತ ಬೇರೆ, ಚೌಕ ಬೇರೆಯಾಗಿ ಕಂಡವು. ಆರಂಭದ ಆ ದಿನಗಳಲ್ಲಿ ಅವರು ಸ್ಥಿರಚಿತ್ರಗಳಲ್ಲಿ ಗುರುತಿಸಬಲ್ಲವರಾಗಿದ್ದ ವಸ್ತುಗಳೂ ಹೆಚ್ಚಾಗಿ ಜಗತ್ತಿನಲ್ಲಿ ಚಲಿಸುವ ವಸ್ತುಗಳೇ ಆಗಿದ್ದವು. ಚಲನೆಯ ನೆರವಿಲ್ಲದೆ ನಿಶ್ಚಲ ಗೆರೆಗಳನ್ನು ಕೂಡಿಸಿ ನೋಡುವ ಶಕ್ತಿ ಅವರಿಗೆ ಬಂದದ್ದು ತಿಂಗಳುಗಳು ಕಳೆದ ಮೇಲೆ.